ತೆಗೆಸಿಕೊಳ್ಳಿ, ಆದರೆ ಅವಸರವಿಲ್ಲ

2011ರ ಡಿಸೆಂಬರ್ 23. ಕ್ರಿಸ್‌ಮಸ್‌ಗೆ ಇನ್ನೆರಡು ದಿನ. ಅಂದು ಫ್ರಾನ್ಸ್‌ನ ಆರೋಗ್ಯ ಸಚಿವಾಲಯವು ತನ್ನ ದೇಶದ ಸುಮಾರು 30,000 ಮಹಿಳೆಯರಿಗೆ ಒಂದು ಸಲಹೆ ನೀಡಿತು. ನಿಮ್ಮ ಎದೆಯೊಳಗೆ ಇರಿಸಲಾಗಿರುವ ಪಿಐಪಿ ಕಂಪೆನಿಯ ಸಿಲಿಕೋನ್ ಇಂಪ್ಲಾಂಟ್‌ಗಳನ್ನು ತೆಗೆಸಿಕೊಳ್ಳಿ, ಅವು ಒಡೆದಿಲ್ಲದಿದ್ದರೂ, ನಿಮಗೆ ಯಾವ ತೊಂದರೆಯೂ ಇಲ್ಲದಿದ್ದರೂ ತೆಗೆಸಿಕೊಳ್ಳುವುದು ಒಳಿತು, ಆದರೆ ಇದು ಮುನ್ನೆಚ್ಚರಿಕೆ ಮಾತ್ರ, ಅವಸರವೇನೂ ಇಲ್ಲ. ಸಲಹೆಯ ಸಾರಾಂಶ ಇಷ್ಟೇ.

ಈ ಪ್ರಕರಣದಲ್ಲಿ ನಮ್ಮನ್ನು ತಡೆದು ನಿಲ್ಲಿಸಿದ್ದು ಕಂಪೆನಿ ಮಾಡಿದ ಮೋಸಕ್ಕಿಂತ ಹೆಚ್ಚಾಗಿ ಆ ‘ಅವಸರವಿಲ್ಲ’ ಎಂಬ ಮಾತು. ಒಬ್ಬ ಎಂಜಿನಿಯರ್ ಬಂದು ನಿಮ್ಮ ಮನೆಯ ತೊಲೆಗೆ ಕಳಪೆ ಸಿಮೆಂಟ್ ಹಾಕಿದ್ದಾರೆ, ಒಡೆಸಿಬಿಡಿ, ಆದರೆ ಅವಸರವಿಲ್ಲ ಎಂದು ಹೇಳಿ ಹೋದರೆ ಆ ರಾತ್ರಿ ನಾವು ಆ ಕೋಣೆಯಲ್ಲಿ ಮಕ್ಕಳನ್ನು ಮಲಗಿಸುತ್ತೇವೆಯೇ? ಹೇಳುವವನಿಗೆ ಅವಸರವಿಲ್ಲ. ತೊಲೆಯ ಕೆಳಗೆ ಮಲಗುವವರಿಗೆ? ಮನೆಯಾದರೆ ಬಿಟ್ಟು ನೆಂಟರ ಮನೆಗೆ ಹೋಗಬಹುದು. ಸ್ವಂತ ದೇಹವನ್ನು ಬಿಟ್ಟು ಹೋಗುವುದೆಲ್ಲಿಗೆ?

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಪಿಐಪಿ ಎಂದರೆ ಪಾಲಿ ಇಂಪ್ಲಾಂಟ್ ಪ್ರೊಥೀಸ್. ದಕ್ಷಿಣ ಫ್ರಾನ್ಸ್‌ನ ಕಡಲತೀರದ ಲಾ ಸೇನ್ ಸುರ್ ಮೇರ್ ಎಂಬಲ್ಲಿ ಜಾನ್ ಕ್ಲೋದ್ ಮಾಸ್ ಎಂಬಾತ 1991ರಲ್ಲಿ ಸ್ಥಾಪಿಸಿದ ಕಂಪೆನಿ. ವೈದ್ಯಕೀಯ ಬಳಕೆಗೆ ಅನುಮತಿ ಪಡೆದ ಸಿಲಿಕೋನ್ ಜೆಲ್‌ನ ಬದಲು, ಕೈಗಾರಿಕೆಗಳಲ್ಲಿ ಬಳಸುವ ಅಗ್ಗದ ಸಿಲಿಕೋನ್‌ನಿಂದ ತಾನೇ ತಯಾರಿಸಿದ ಜೆಲ್ಲನ್ನು ಅದು ವರ್ಷಗಟ್ಟಲೆ ತುಂಬಿಸಿ ಮಾರಿತು. ಗುಣಮಟ್ಟಕ್ಕೆ ಪ್ರಮಾಣಪತ್ರ ಕೊಡುತ್ತಿದ್ದದ್ದು ಜರ್ಮನಿಯ ಟಿಯುವಿ ರೈನ್‌ಲ್ಯಾಂಡ್. ತಪಾಸಣೆಗೆ ಬರುವವರು ಮುಂಚಿತವಾಗಿ ತಿಳಿಸಿಯೇ ಬರುತ್ತಿದ್ದರು. ಅವರು ಬರುವ ಮೊದಲೇ ಬಚ್ಚಿಡಬೇಕಾದದ್ದನ್ನು ಬಚ್ಚಿಡಲಾಗುತ್ತಿತ್ತು. 2010ರ ಮಾರ್ಚ್‌ನಲ್ಲಿ ಫ್ರಾನ್ಸ್‌ನ ಔಷಧ ನಿಯಂತ್ರಣ ಸಂಸ್ಥೆ ನೇರವಾಗಿ ಕಾರ್ಖಾನೆಯ ಪರಿಶೀಲನೆಗಿಳಿದಾಗ ಗುಟ್ಟು ರಟ್ಟಾಯಿತು. ಅಷ್ಟರಲ್ಲಿ ಈ ಇಂಪ್ಲಾಂಟ್‌ಗಳು ಹಲವು ದೇಶಗಳ ಲಕ್ಷಾಂತರ ಮಹಿಳೆಯರ ದೇಹ ಸೇರಿದ್ದವು. 2011ರ ನವೆಂಬರ್‌ನಲ್ಲಿ ಪಿಐಪಿ ಇಂಪ್ಲಾಂಟ್ ಇದ್ದ ಫ್ರೆಂಚ್ ಮಹಿಳೆಯೊಬ್ಬರು ಅಪರೂಪದ ಒಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಆ ಕ್ಯಾನ್ಸರ್ ಈ ಜೆಲ್‌ನಿಂದಲೇ ಬಂತು ಎನ್ನಲು ತಜ್ಞರಿಗೆ ಆಧಾರ ಸಿಗಲಿಲ್ಲ. ಆದರೂ ಚೀಲಗಳು ಬೇಗ ಒಡೆಯುತ್ತವೆ, ಸೋರಿದ ಜೆಲ್ ಉರಿಯೂತ ತರುತ್ತದೆ ಎಂಬ ಕಾರಣಕ್ಕೆ ಸಚಿವಾಲಯ ಆ ಸಲಹೆ ಹೊರಡಿಸಿತು.

ಮೋಸ ನಡೆಯದಿದ್ದರೂ ಈ ಪ್ರಶ್ನೆ ಇದ್ದೇ ಇರುತ್ತಿತ್ತು ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಎದೆಯೊಳಗೆ ಇಂಪ್ಲಾಂಟ್ ಇರಿಸಿದಾಗ ದೇಹ ಅದರ ಸುತ್ತ ತನ್ನದೇ ಅಂಗಾಂಶದ ಒಂದು ಪೊರೆ ಕಟ್ಟಿಕೊಳ್ಳುತ್ತದೆ. ಅನ್ಯವಸ್ತುವನ್ನು ಬೇರೆಯಾಗಿಡುವುದು ದೇಹದ ಸ್ವಭಾವ. ಕೆಲವರಲ್ಲಿ ಆ ಪೊರೆ ಬಿಗಿದು ಗಟ್ಟಿಯಾಗಿ ನೋವು ಕೊಡುತ್ತದೆ, ಆಕಾರ ಕೆಡಿಸುತ್ತದೆ. ಇನ್ನು ಕೆಲವರಲ್ಲಿ ಸಿಲಿಕೋನ್ ಚೀಲ ಹರಿಯುತ್ತದೆ. ಜೆಲ್ ಪೊರೆಯೊಳಗೇ ನಿಂತುಬಿಟ್ಟರೆ ಹರಿದದ್ದು ಗೊತ್ತೇ ಆಗುವುದಿಲ್ಲ. ನೋಡಿದರೂ ಮುಟ್ಟಿದರೂ ವ್ಯತ್ಯಾಸ ಕಾಣದು. ಎಂಆರ್‌ಐ ಅಥವಾ ಅಲ್ಟ್ರಾಸೌಂಡ್ ಮಾಡಿದರೆ ಮಾತ್ರ ತಿಳಿಯುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯಾದ ಎಫ್‌ಡಿಎ 2011ರಲ್ಲಿ ಹೇಳಿದ ಪ್ರಕಾರ, ಗಾತ್ರ ಹೆಚ್ಚಿಸಿಕೊಳ್ಳಲು ಇಂಪ್ಲಾಂಟ್ ಹಾಕಿಸಿಕೊಂಡ ಐವರಲ್ಲಿ ಒಬ್ಬರು ಹತ್ತು ವರ್ಷದೊಳಗೆ ಅದನ್ನು ತೆಗೆಸಬೇಕಾಗುತ್ತದೆ. ಕ್ಯಾನ್ಸರ್‌ನಿಂದ ಸ್ತನ ಕಳೆದುಕೊಂಡು ಮರುರಚನೆ ಮಾಡಿಸಿಕೊಂಡವರಲ್ಲಿ ಇಬ್ಬರಲ್ಲಿ ಒಬ್ಬರಿಗೆ ಆ ಗತಿ ಬರಬಹುದು. ಅಂದರೆ ಎರಡನೆಯ ಶಸ್ತ್ರಚಿಕಿತ್ಸೆ ಆಕಸ್ಮಿಕವಲ್ಲ. ಅದು ಮೊದಲನೆಯದರ ಬಾಲವಾಗಿಯೇ ಬರುತ್ತದೆ. ತಲೆಯನ್ನು ಜಾಹೀರಾತಿನಲ್ಲಿ ದೊಡ್ಡದಾಗಿ ತೋರಿಸುತ್ತಾರೆ, ಬಾಲವನ್ನು ಒಪ್ಪಿಗೆ ಪತ್ರದ ಸಣ್ಣ ಅಕ್ಷರಗಳಲ್ಲಿ ಅಡಗಿಸುತ್ತಾರೆ.

ಹಾಗಾದರೆ ಮತ್ತೆ ಕತ್ತರಿ ಹಾಕಬೇಕಾದದ್ದು ಯಾವಾಗ? ಎರಡೂ ತುದಿಗಳಲ್ಲಿ ವೈದ್ಯರಿಗೆ ಗೊಂದಲವಿಲ್ಲ. ಶಸ್ತ್ರಚಿಕಿತ್ಸೆಯಾದ ಕೂಡಲೇ ಒಳಗೆ ರಕ್ತ ತುಂಬಿಕೊಂಡರೆ ಕಾಯುವ ಮಾತೇ ಇಲ್ಲ. ಸೋಂಕು ಬಲವಾಗಿದ್ದರೂ ತಡಮಾಡುವಂತಿಲ್ಲ. ಇನ್ನೊಂದು ತುದಿಯಲ್ಲಿ, ಆಕಾರ ಸರಿ ಬಂದಿಲ್ಲ, ಎರಡೂ ಕಡೆ ಸಮವಾಗಿಲ್ಲ ಎಂಬ ಅಸಮಾಧಾನ. ಅದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಆರು ತಿಂಗಳಿಂದ ಒಂದು ವರ್ಷ ತಾಳಿ ಎಂಬುದು. ಬಾವು ಇಳಿಯಬೇಕು, ಗಾಯದ ಕಲೆ ಹಣ್ಣಾಗಬೇಕು, ಇಂಪ್ಲಾಂಟ್ ತನ್ನ ಜಾಗದಲ್ಲಿ ಕೂರಬೇಕು. ಮೊದಲ ತಿಂಗಳಲ್ಲಿ ಕನ್ನಡಿ ಹೇಳುವುದನ್ನು ನಂಬಿ ಮತ್ತೆ ಕೊಯ್ದರೆ ತಾನಾಗಿಯೇ ಸರಿಹೋಗಬಹುದಾಗಿದ್ದುದನ್ನು ಕೈಯಾರೆ ಕೆಡಿಸಿದಂತಾಗುತ್ತದೆ. ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಚರ್ಮ ಚೇತರಿಸಿಕೊಳ್ಳಲು ಇನ್ನೂ ಹೆಚ್ಚು ತಾಳ್ಮೆ ಬೇಕು.

ಕಷ್ಟವಿರುವುದು ಇವೆರಡರ ನಡುವೆ. ನೋವಿಲ್ಲ, ಊತವಿಲ್ಲ, ಚೆನ್ನಾಗಿದ್ದೇನೆ. ಆದರೆ ಒಳಗಿರುವ ವಸ್ತುವಿನ ಮೇಲೆ ಭರವಸೆ ಹೋಗಿದೆ. ಪಿಐಪಿ ಧರಿಸಿದ ಬಹುಪಾಲು ಮಹಿಳೆಯರು ನಿಂತಿದ್ದದ್ದು ಈ ಜಾಗದಲ್ಲಿ.

ಇಂಥಲ್ಲಿ ಜನ ಒಂದು ಸಂಖ್ಯೆಗಾಗಿ ಹಂಬಲಿಸುತ್ತಾರೆ. ಹತ್ತು ವರ್ಷಕ್ಕೊಮ್ಮೆ ಬದಲಿಸಬೇಕು ಎಂಬ ಮಾತು ಹುಟ್ಟಿಕೊಂಡದ್ದು ಹೀಗೆಯೇ ಇರಬೇಕು. ಇಂಪ್ಲಾಂಟ್ ಜೀವಮಾನವಿಡೀ ಬಾಳುವ ವಸ್ತುವಲ್ಲ, ವರ್ಷ ಹೆಚ್ಚಾದಷ್ಟೂ ತೊಂದರೆಯ ಸಂಭವ ಹೆಚ್ಚು ಎಂದು ಎಫ್‌ಡಿಎ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಔಷಧದ ಬಾಟಲಿಯ ಮೇಲಿರುವಂಥ ಅವಧಿ ಮುಗಿಯುವ ದಿನಾಂಕವನ್ನು ಅದು ಕೊಟ್ಟಿಲ್ಲ. 1962ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಜೆರೋ ಎಂಬ ವೈದ್ಯರು ಸಿಲಿಕೋನ್ ಇಂಪ್ಲಾಂಟ್ ಅನ್ನು ಮೊದಲ ಬಾರಿಗೆ ಇರಿಸಿದ್ದು ಟಿಮ್ಮಿ ಜೀನ್ ಲಿಂಡ್ಸೆ ಎಂಬಾಕೆಗೆ. ಆಕೆ ಆಸ್ಪತ್ರೆಗೆ ಬಂದದ್ದು ಹಚ್ಚೆ ಅಳಿಸಿಕೊಳ್ಳಲು! ವೈದ್ಯರೇ ಈ ಹೊಸ ಪ್ರಯೋಗಕ್ಕೆ ಒಪ್ಪುತ್ತೀರಾ ಎಂದು ಕೇಳಿದರು. ಐವತ್ತು ವರ್ಷಗಳ ಬಳಿಕ, ಎಂಬತ್ತರ ವಯಸ್ಸಿನಲ್ಲಿ ಆಕೆ ಪತ್ರಕರ್ತರೊಡನೆ ಮಾತನಾಡಿದಾಗಲೂ ಅವೇ ಇಂಪ್ಲಾಂಟ್‌ಗಳು ಆಕೆಯ ದೇಹದಲ್ಲಿದ್ದವು. ಇದರಿಂದ ಎಲ್ಲರೂ ಸುಮ್ಮನಿರಬಹುದು ಎಂದು ಯಾರೂ ತೀರ್ಮಾನಿಸಬಾರದು. ಹತ್ತು ವರ್ಷ ಎಂಬ ಸುಂದರ ದುಂಡು ಸಂಖ್ಯೆಯ ಹಿಂದೆ ದೇಹಕ್ಕಿಂತ ಹೆಚ್ಚಾಗಿ ಮಾರುಕಟ್ಟೆಯ ಲೆಕ್ಕವಿದೆ ಎಂಬ ನಮ್ಮ ಗುಮಾನಿಯನ್ನು ಮಾತ್ರ ಇಲ್ಲಿ ಹೇಳುತ್ತಿದ್ದೇವೆ.

ಈಗ ಇಂಗ್ಲಿಷ್ ಕಡಲ್ಗಾಲುವೆಯ ಆಚೆ ದಡಕ್ಕೆ ಬರೋಣ. ಬ್ರಿಟನ್‌ನಲ್ಲಿ ಸುಮಾರು 47,000 ಮಹಿಳೆಯರಿಗೆ ಇದೇ ಕಂಪೆನಿಯ, ಇದೇ ಜೆಲ್‌ನ ಇಂಪ್ಲಾಂಟ್‌ಗಳಿದ್ದವು. ಅಲ್ಲಿನ ಸರಕಾರ ಸರ್ ಬ್ರೂಸ್ ಕಿಯೋ ನೇತೃತ್ವದಲ್ಲಿ ತಜ್ಞರ ಸಮಿತಿ ನೇಮಿಸಿತು. ಈ ಇಂಪ್ಲಾಂಟ್‌ಗಳು ಒಡೆಯುವ ಪ್ರಮಾಣ ಇತರ ಕಂಪೆನಿಗಳದ್ದಕ್ಕಿಂತ ಸುಮಾರು ಇಮ್ಮಡಿ ಎಂದು 2012ರ ಜೂನ್‌ನಲ್ಲಿ ಸಮಿತಿ ವರದಿ ಕೊಟ್ಟಿತು. ಹತ್ತು ವರ್ಷದಲ್ಲಿ ಇತರ ಇಂಪ್ಲಾಂಟ್‌ಗಳು ಶೇ. 10ರಿಂದ 14ರಷ್ಟು ಒಡೆದರೆ ಪಿಐಪಿಯವು ಶೇ. 15ರಿಂದ 30ರಷ್ಟು. ಆದರೆ ಜೆಲ್ ವಿಷಕಾರಿಯಲ್ಲ, ಕ್ಯಾನ್ಸರ್ ತರುವಂಥದ್ದೂ ಅಲ್ಲ. ಆದ್ದರಿಂದ ಎಲ್ಲರೂ ತೆಗೆಸಬೇಕಾಗಿಲ್ಲ. ಆತಂಕವಿದ್ದವರು ವೈದ್ಯರೊಡನೆ ಮಾತನಾಡಿ ನಿರ್ಧರಿಸಲಿ. ಜರ್ಮನಿ ಮಾತ್ರ 2012ರ ಜನವರಿಯಲ್ಲೇ ತೆಗೆಸಿಕೊಳ್ಳಿ ಎಂದಿತ್ತು.

ಒಂದೇ ವಸ್ತು, ಹೆಚ್ಚುಕಡಿಮೆ ಒಂದೇ ಮಾಹಿತಿ. ಒಂದು ದಡದಲ್ಲಿ ತೆಗೆಸಿ, ಇನ್ನೊಂದು ದಡದಲ್ಲಿ ಬೇಕಾಗಿಲ್ಲ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆಂದು ಭಾವಿಸಬೇಕಾಗಿಲ್ಲ. ಎಷ್ಟು ಅಪಾಯವಿದೆ ಎಂಬುದನ್ನು ವಿಜ್ಞಾನ ಹೇಳಬಲ್ಲದು. ಎಷ್ಟು ಅಪಾಯವನ್ನು ಹೊತ್ತು ಬದುಕಬಹುದು ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಹತ್ತು ವರ್ಷದಲ್ಲಿ ನೂರಕ್ಕೆ ಮೂವತ್ತು ಒಡೆಯುತ್ತವೆ ಎಂದರೆ ಎಪ್ಪತ್ತು ಒಡೆಯುವುದಿಲ್ಲ. ಆ ಎಪ್ಪತ್ತು ಮಂದಿಗೆ ಅರಿವಳಿಕೆ ಕೊಟ್ಟು, ಹಳೆಯ ಗಾಯವನ್ನೇ ಮತ್ತೆ ತೆರೆದು, ಸೋಂಕಿನ ಅಪಾಯಕ್ಕೆ ಒಡ್ಡಿದರೆ ಅದನ್ನು ಮುನ್ನೆಚ್ಚರಿಕೆ ಎನ್ನೋಣವೇ, ಹಾನಿ ಎನ್ನೋಣವೇ? ಕೊಯ್ಯದೆ ಬಿಟ್ಟು ಆ ಮೂವತ್ತರಲ್ಲಿ ಒಬ್ಬಳ ಕಂಕುಳ ಗಂಟುಗಳಿಗೆ ಜೆಲ್ ಸೋರಿ ಸೇರಿದರೆ ಅದನ್ನು ತಾಳ್ಮೆ ಎನ್ನೋಣವೇ, ನಿರ್ಲಕ್ಷ್ಯ ಎನ್ನೋಣವೇ? ಅತ್ತ ದರಿ, ಇತ್ತ ಪುಲಿ.

ಇಲ್ಲಿ ನಾವು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ತಡಮಾಡಿದ್ದರಿಂದ ಆದ ಅನಾಹುತ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ, ಸಚಿವರ ರಾಜೀನಾಮೆ ಕೇಳುತ್ತದೆ. ಅನಗತ್ಯ ಶಸ್ತ್ರಚಿಕಿತ್ಸೆಯಿಂದ ಆದ ನೋವು ಮನೆಯ ಮೂಲೆಯಲ್ಲಿ, ಹಾಸಿಗೆಯ ಮೇಲೆ, ಸದ್ದಿಲ್ಲದೆ ಮುಗಿಯುತ್ತದೆ. ಅದಕ್ಕಾಗಿ ಯಾವ ಅಧಿಕಾರಿಯನ್ನೂ ಯಾರೂ ಪ್ರಶ್ನಿಸುವುದಿಲ್ಲ. ಹೀಗಾಗಿ ಅಧಿಕಾರದಲ್ಲಿರುವವರ ಎಚ್ಚರಿಕೆ ಸಹಜವಾಗಿಯೇ ತೆಗೆಸಿಬಿಡಿ ಎಂಬ ಕಡೆಗೆ ವಾಲುತ್ತದೆ. ಫ್ರಾನ್ಸ್‌ನ ಸಚಿವಾಲಯ ದುರುದ್ದೇಶದಿಂದ ಹಾಗೆ ಮಾಡಿತೆಂದು ನಾವು ಹೇಳುವುದಿಲ್ಲ. ಆದರೆ ಸಲಹೆ ಕೊಡುವವನ ಭಯ ಮತ್ತು ಸಲಹೆ ಪಡೆಯುವವಳ ಅಪಾಯ ಎರಡೂ ಒಂದೇ ಅಲ್ಲ. ಬ್ರಿಟನ್‌ನ ಉತ್ತರಕ್ಕೂ ಇದು ಅನ್ವಯಿಸುತ್ತದೆ. ನಲ್ವತ್ತೇಳು ಸಾವಿರ ಶಸ್ತ್ರಚಿಕಿತ್ಸೆಗಳ ಹೊರೆ ಹೊರಬೇಕಾದ ಸರಕಾರಕ್ಕೆ ಬೇಕಾಗಿಲ್ಲ ಎಂಬ ಉತ್ತರ ಹಿತವಾಗಿಯೇ ಕೇಳಿಸುತ್ತದೆ.

2014ರಲ್ಲಿ ಯುರೋಪಿಯನ್ ಒಕ್ಕೂಟದ ವೈಜ್ಞಾನಿಕ ಸಮಿತಿಯು ಒಡೆಯದೆ ಇರುವ ಪಿಐಪಿ ಇಂಪ್ಲಾಂಟ್‌ಗಳನ್ನು ಕೇವಲ ಮುನ್ನೆಚ್ಚರಿಕೆಗಾಗಿ ತೆಗೆಸಲು ಸಾಕಷ್ಟು ಆಧಾರವಿಲ್ಲ ಎಂದು ಹೇಳಿತು. ಅಷ್ಟರಲ್ಲಿ ಫ್ರಾನ್ಸ್‌ನಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಮಹಿಳೆಯರು ತೆಗೆಸಿಯಾಗಿತ್ತು. ಹಾಗಾದರೆ ಅವರು ತಪ್ಪು ಮಾಡಿದರೇ? ಈ ಪ್ರಶ್ನೆಯನ್ನೇ ನಾವು ಒಪ್ಪುವುದಿಲ್ಲ. 2012ರಲ್ಲಿ ತೆಗೆದುಕೊಂಡ ತೀರ್ಮಾನವನ್ನು 2014ರ ತಿಳಿವಳಿಕೆಯಿಂದ ಅಳೆಯುವುದು ನ್ಯಾಯವಲ್ಲ. ಅಂದು ಆಕೆಗೆ ಗೊತ್ತಿದ್ದದ್ದು ಇಷ್ಟು: ತನ್ನೊಳಗಿರುವ ವಸ್ತುವನ್ನು ತಯಾರಿಸಿದವನು ಸುಳ್ಳುಗಾರ, ಅದಕ್ಕೆ ಮುದ್ರೆ ಒತ್ತಿದವರಿಗೆ ಒಳಗೇನಿದೆ ಎಂದು ತಿಳಿದಿರಲಿಲ್ಲ, ಅದನ್ನು ಇರಿಸಿದ ವೈದ್ಯನಿಗೂ ತಿಳಿದಿರಲಿಲ್ಲ. ಅಷ್ಟನ್ನು ತಿಳಿದ ಮೇಲೆ ಒಂದು ರಾತ್ರಿಯೂ ಇದನ್ನು ಹೊತ್ತು ಮಲಗಲಾರೆ ಎಂದವಳೂ ಸರಿ, ನೋವಿಲ್ಲದೆ ಕತ್ತರಿಗೆ ಮೈಯೊಡ್ಡಲಾರೆ, ಕಾಯುತ್ತೇನೆ ಎಂದವಳೂ ಸರಿ. ಸಂಗತಿಗಳು ಅರ್ಧ ಮಾತ್ರ ತಿಳಿದಿರುವಾಗ, ಯಾವಾಗ ಎಂದು ನಿರ್ಧರಿಸುವ ಹಕ್ಕು ಆ ದೇಹದಲ್ಲಿ ಬದುಕಬೇಕಾದವಳದ್ದು. ಈ ವಿಷಯದಲ್ಲಿ ನಮಗೆ ಅನುಮಾನವಿಲ್ಲ.

ಆದರೆ ಹಕ್ಕು ಕೊಟ್ಟು ಕೈ ತೊಳೆದುಕೊಂಡರೆ ಸಾಲದು. ಫ್ರಾನ್ಸ್‌ನಲ್ಲಿ ತೆಗೆಯುವ ಖರ್ಚನ್ನು ಎಲ್ಲರಿಗೂ ಸಾರ್ವಜನಿಕ ಆರೋಗ್ಯ ವಿಮೆ ಭರಿಸಿತು. ಹೊಸದನ್ನು ಇರಿಸುವ ಖರ್ಚು ಮಾತ್ರ ಕ್ಯಾನ್ಸರ್‌ ಮುಂತಾದ ಕಾಯಿಲೆಯಿಂದ ಮರುರಚನೆ ಮಾಡಿಸಿಕೊಂಡವರಿಗೆ ಸಿಕ್ಕಿತು, ಸೌಂದರ್ಯಕ್ಕಾಗಿ ಮಾಡಿಸಿಕೊಂಡವರಿಗೆ ಸಿಗಲಿಲ್ಲ. ಇಂಗ್ಲೆಂಡಿನಲ್ಲಿ ಸರಕಾರಿ ಆರೋಗ್ಯ ಸೇವೆಯಲ್ಲಿ ಮಾಡಿಸಿಕೊಂಡವರಿಗೆ ತೆಗೆದು ಹೊಸದನ್ನು ಇರಿಸಿದರು. ಖಾಸಗಿ ಕ್ಲಿನಿಕ್‌ನವರು ನಿರಾಕರಿಸಿದರೆ ಅಥವಾ ಬಾಗಿಲು ಮುಚ್ಚಿ ಹೋಗಿದ್ದರೆ ಸರಕಾರ ತೆಗೆದುಕೊಡುತ್ತದೆ, ಬದಲಿ ಇರಿಸುವುದಿಲ್ಲ ಎಂದರು. ವೇಲ್ಸ್ ಮಾತ್ರ ಬದಲಿಯನ್ನೂ ಕೊಡಲು ಒಪ್ಪಿತು. ವರ್ಷಗಟ್ಟಲೆ ಹಿಗ್ಗಿದ ಚರ್ಮದೊಳಗಿಂದ ಇಂಪ್ಲಾಂಟ್ ತೆಗೆದು ಹಾಗೇ ಬಿಟ್ಟರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ. ಆ ಮಹಿಳೆಯರಲ್ಲಿ ಅನೇಕರಿಗೆ ‘ಯಾವಾಗ’ ಎಂಬ ಪ್ರಶ್ನೆಯ ಅರ್ಥ ಒಂದೇ: ಬದಲಿಗೆ ಬೇಕಾದ ಹಣ ಒಟ್ಟಾಗುವುದು ಯಾವಾಗ?

ಅವರು ಬಯಸಿ ಮಾಡಿಸಿಕೊಂಡದ್ದಲ್ಲವೇ, ಅನುಭವಿಸಲಿ ಎಂಬ ಮಾತು ನಮ್ಮ ಓದುಗರಲ್ಲಿ ಕೆಲವರ ಮನಸ್ಸಿನಲ್ಲಿ ಈಗಾಗಲೇ ಎದ್ದಿರಬಹುದು. ಕೇವಲ ಅಂದಕ್ಕಾಗಿ ಆರೋಗ್ಯವಂತ ದೇಹಕ್ಕೆ ಕತ್ತರಿ ಹಾಕಿಸುವುದು ಸರಿಯೇ ಎಂಬುದು ದೊಡ್ಡ ಪ್ರಶ್ನೆ. ನಮಗೂ ಅದರ ಬಗ್ಗೆ ತಕರಾರುಗಳಿವೆ. ಹೆಣ್ಣಿನ ದೇಹಕ್ಕೆ ಒಂದು ಅಳತೆ ನಿಗದಿ ಮಾಡಿ, ಆ ಅಳತೆಗೆ ಬಾರದವಳಲ್ಲಿ ಕೀಳರಿಮೆ ಬಿತ್ತಿ, ಮತ್ತೆ ಅದಕ್ಕೆ ಮದ್ದನ್ನೂ ತಾನೇ ಮಾರುವ ಮಾರುಕಟ್ಟೆಯ ಬಗ್ಗೆ ಬೇರೆಯೇ ಬರೆಯಬೇಕು. ಆದರೆ ಮೊದಲ ನಿರ್ಧಾರ ಸರಿಯಿರಲಿ ತಪ್ಪಿರಲಿ, ಎರಡನೆಯ ಸಲ ಮೇಜಿನ ಮೇಲೆ ಮಲಗುವವಳು ಒಬ್ಬ ಮನುಷ್ಯಳು. ಆಕೆ ಒಪ್ಪಿದ್ದು ಇಂಪ್ಲಾಂಟ್‌ಗೆ, ಕಾರ್ಖಾನೆಯ ಸಿಲಿಕೋನ್‌ಗೆ ಅಲ್ಲ. ಬಾವಿಗೆ ಬಿದ್ದವನನ್ನು ಮೇಲೆತ್ತುವ ಮೊದಲು ನೀನು ಬಾವಿಕಟ್ಟೆ ಹತ್ತಿದ್ದೇಕೆ ಎಂದು ವಿಚಾರಣೆ ಮಾಡುತ್ತೇವೆಯೇ?

ನಮ್ಮ ದೇಶದ್ದೇ ಒಂದು ಪ್ರಕರಣದೊಂದಿಗೆ ಹೋಲಿಸಿ ನೋಡಬಹುದು. ಜಾನ್ಸನ್ ಆ್ಯಂಡ್ ಜಾನ್ಸನ್‌ನ ಅಂಗಸಂಸ್ಥೆ ಡಿಪ್ಯೂ 2010ರ ಆಗಸ್ಟ್‌ನಲ್ಲಿ ತನ್ನ ಎಎಸ್‌ಆರ್ ಎಂಬ ಕೃತಕ ಸೊಂಟದ ಕೀಲನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಅದನ್ನು ಬಳಸಲಾಗಿತ್ತು. ಅಲ್ಲಿಯೂ ಇದೇ ಪ್ರಶ್ನೆ: ನಡೆಯಲು ಸದ್ಯ ತೊಂದರೆಯಿಲ್ಲ, ಆದರೆ ಲೋಹದ ಕಣಗಳು ರಕ್ತ ಸೇರುತ್ತಿರಬಹುದು, ಈಗಲೇ ಬದಲಿಸಬೇಕೇ? 2018ರಲ್ಲಿ ಕೇಂದ್ರ ಸರಕಾರ ಪರಿಹಾರದ ಸೂತ್ರವನ್ನೂ ಪ್ರಕಟಿಸಿತು. ಆ ಚರ್ಚೆಯುದ್ದಕ್ಕೂ ನಿಮಗೆ ಸೊಂಟದ ಕೀಲು ಬೇಕಿತ್ತೇ ಎಂದು ಆ ರೋಗಿಗಳನ್ನು ಯಾರೂ ಕೇಳಿದ್ದು ನಮ್ಮ ನೆನಪಿನಲ್ಲಿಲ್ಲ. ಕೀಲು ಬೇರೆ, ಎದೆ ಬೇರೆ ಎಂದು ವಾದಿಸಬಹುದು. ಮೊದಲ ಶಸ್ತ್ರಚಿಕಿತ್ಸೆಯ ಮಟ್ಟಿಗೆ ಆ ವಾದ ಸರಿ. ಮೋಸದ ಅಥವಾ ದೋಷದ ವಸ್ತುವನ್ನು ಹೊರತೆಗೆಯುವಾಗ ಅದು ನಿಲ್ಲುವುದಿಲ್ಲ.

ಇನ್ನೊಂದು ತೊಡಕನ್ನೂ ಹೇಳಲೇಬೇಕು. ಮತ್ತೆ ಕೊಯ್ಯಬೇಕೇ ಎಂದು ಆಕೆ ಕೇಳುವುದು ಯಾರನ್ನು? ಕೊಯ್ದರೆ ಶುಲ್ಕ ಪಡೆಯುವವರನ್ನೇ. ಎಲ್ಲ ವೈದ್ಯರೂ ಹಣದಾಸೆಯವರಲ್ಲ. ಆರು ತಿಂಗಳು ಕಾಯಿರಿ ಎಂದು ಬಂದ ರೋಗಿಯನ್ನು ಹಿಂದಕ್ಕೆ ಕಳುಹಿಸುವವರೂ ಅವರೇ. ಆದರೂ ತರಕಾರಿ ಅಂಗಡಿಯವನಲ್ಲಿ ಇಂದು ಬದನೆ ಚೆನ್ನಾಗಿದೆಯೇ ಎಂದು ಕೇಳಿ ಅಡುಗೆ ನಿರ್ಧರಿಸುವವರಿಗೆ ಈ ಕಷ್ಟ ಅರ್ಥವಾಗುತ್ತದೆ. ಕತ್ತರಿ ಹಿಡಿಯದ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದಕ್ಕೆ ದಾರಿಯಿರಬೇಕು. ಅದರ ಖರ್ಚು ಆಕೆಯ ಮೇಲೆ ಬೀಳಬಾರದು.

2019ರಲ್ಲಿ ಇದೇ ಪ್ರಶ್ನೆ ಹೊಸ ರೂಪದಲ್ಲಿ ಬಂತು. ಹೊರಮೈ ಒರಟಾಗಿರುವ ಇಂಪ್ಲಾಂಟ್‌ಗಳ ಸುತ್ತಲಿನ ಪೊರೆಯಲ್ಲಿ ಅಪರೂಪಕ್ಕೆ ಒಂದು ಬಗೆಯ ಲಿಂಫೋಮಾ ಕಾಣಿಸಿಕೊಳ್ಳುವುದು ಖಚಿತವಾದ ಮೇಲೆ ಏಪ್ರಿಲ್‌ನಲ್ಲಿ ಫ್ರಾನ್ಸ್ ಅಂಥವನ್ನು ನಿಷೇಧಿಸಿತು. ಜುಲೈಯಲ್ಲಿ ಎಫ್‌ಡಿಎ ಕೋರಿಕೆಯ ಮೇರೆಗೆ ಅಲರ್ಗಾನ್ ಕಂಪೆನಿ ತನ್ನ ಬಯೋಸೆಲ್ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು. ಆಗ ಎಫ್‌ಡಿಎ ಬಳಿಯಿದ್ದ ಲೆಕ್ಕದಲ್ಲಿ ಜಗತ್ತಿನಲ್ಲಿ 573 ಪ್ರಕರಣಗಳು, 33 ಸಾವುಗಳು. ಆದರೆ ಈ ಬಾರಿ ಎರಡೂ ದೇಶಗಳು ರೋಗಲಕ್ಷಣವಿಲ್ಲದವರು ತೆಗೆಸಬೇಕಾಗಿಲ್ಲ ಎಂದೇ ಹೇಳಿದವು. ಎಂಟು ವರ್ಷದ ಹಿಂದೆ ಕ್ಯಾನ್ಸರ್‌ನ ಸಂಬಂಧ ಸಾಬೀತಾಗದಿದ್ದಾಗ ತೆಗೆಸಿ ಎಂದಿದ್ದ ಫ್ರಾನ್ಸ್, ಸಂಬಂಧ ಸಾಬೀತಾದಾಗ ಕಾಯಿರಿ ಎಂದಿತು. ಅದು ವಿಚಿತ್ರವಾಗಿ ಕಂಡರೂ ತಪ್ಪೆನ್ನಲಾಗದು. ಲಕ್ಷಗಟ್ಟಲೆ ಮಂದಿಯಲ್ಲಿ ಕೆಲವೇ ನೂರು ಮಂದಿಗೆ ಬರುವ ಕಾಯಿಲೆಗಾಗಿ ಎಲ್ಲರನ್ನೂ ಕೊಯ್ಯುವುದರ ಹಾನಿಯನ್ನು ಈ ಸಲ ತಕ್ಕಡಿಯಲ್ಲಿ ಇಟ್ಟು ತೂಗಲಾಗಿತ್ತು. 2020ರಲ್ಲಿ ಎಫ್‌ಡಿಎ ಸಿಲಿಕೋನ್ ಇಂಪ್ಲಾಂಟ್ ಇರುವವರು ಐದಾರು ವರ್ಷವಾದಾಗ ಮೊದಲ ಸಲ, ಆ ಬಳಿಕ ಎರಡು ಮೂರು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿಕೊಳ್ಳಬೇಕೆಂದು ಸಲಹೆ ಕೊಟ್ಟಿತು. ಕಣ್ಣಿಟ್ಟು ಕಾಯುವುದೂ ಒಂದು ಚಿಕಿತ್ಸೆಯೇ. ಆದರೆ ಅದಕ್ಕೂ ದುಡ್ಡು ಬೇಕು.

ಜಾನ್ ಕ್ಲೋದ್ ಮಾಸ್‌ಗೆ ಮಾರ್ಸೇಯ ನ್ಯಾಯಾಲಯ 2013ರ ಡಿಸೆಂಬರ್‌ನಲ್ಲಿ ನಾಲ್ಕು ವರ್ಷ ಸೆರೆವಾಸ, 75,000 ಯೂರೋ ದಂಡ ವಿಧಿಸಿತು. ದೂರುದಾರರು ಸಾವಿರಾರು ಮಂದಿಯಿದ್ದುದರಿಂದ ವಿಚಾರಣೆಯನ್ನು ನ್ಯಾಯಾಲಯದ ಕಟ್ಟಡದ ಬದಲು ಸಮ್ಮೇಳನ ಭವನದಲ್ಲಿ ನಡೆಸಬೇಕಾಯಿತು. ಆತ 2019ರ ಏಪ್ರಿಲ್‌ನಲ್ಲಿ ತೀರಿಕೊಂಡ. ಪ್ರಮಾಣಪತ್ರ ಕೊಟ್ಟ ಟಿಯುವಿ ರೈನ್‌ಲ್ಯಾಂಡ್‌ನ ಹೊಣೆಯನ್ನು ಪ್ಯಾರಿಸ್‌ನ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿದದ್ದು 2021ರ ಮೇ ತಿಂಗಳಲ್ಲಿ. ಆ ಡಿಸೆಂಬರ್ ಸಲಹೆ ಬಂದು ಆಗಲೇ ಒಂಬತ್ತು ವರ್ಷ ದಾಟಿತ್ತು. ತೆಗೆಸಲು ಒಪ್ಪದವರಿಗೆ ಫ್ರಾನ್ಸ್‌ನ ಸಚಿವಾಲಯ ಅಂದು ಹೇಳಿದ್ದದ್ದು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳಿ ಎಂದು. ಹೇಳಿದಂತೆ ಮಾಡಿದವಳು ನ್ಯಾಯಾಲಯದ ಆ ತೀರ್ಪು ಕೇಳುವ ಹೊತ್ತಿಗೆ ಹದಿನೆಂಟು ಸಲ ಆ ಮೇಜಿನ ಮೇಲೆ ಮಲಗಿ, ಪರದೆಯತ್ತ ನೋಡುತ್ತಿರುವ ವೈದ್ಯರ ಮುಖವನ್ನು ನೋಡಿರಬೇಕು.